ಮೇ ತಿಂಗಳಲ್ಲಿ ರಾಜಗಡದಿಂದ ತೋರಣಾಕ್ಕೆ

ಮೇ ತಿಂಗಳಲ್ಲಿ ಟ್ರೆಕ್ಕಿಂಗ್ ಹೋಗ್ತೀವಿ ಅಂದರೆ ಪುಣೆಯವರು ಒಮ್ಮೆ ಮುಖ ನೋಡುತ್ತಾರೆ. ಸಹ್ಯಾದ್ರಿ ಹತ್ತುವುದಿದ್ದರೆ ಮಳೆಗಾಲ, ಇಲ್ಲದಿದ್ದರೆ ಚಳಿಗಾಲ. ಬೇಸಿಗೆಯಲ್ಲಿ ಮನೆಯಲ್ಲಿ ಕೂತು ಹಾಪೂಸ್ ಮಾವು ತಿನ್ನಬೇಕು ಅನ್ನುವುದು ಇಲ್ಲಿನ ರೂಢಿ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಮಳೆಗಾಲದಲ್ಲಿ ಪುಣೆ ಹತ್ತಿರದ ರಾಜಗಡ ಕೋಟೆಯ ಮೇಲೆ ಮಂಜು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಬಂಡೆ ಜಾರುತ್ತದೆ. ಭಾನುವಾರ ಬಂತೆಂದರೆ ಅದರ ಚೋರ್ ದರ್ವಾಜಾದ (ಕಳ್ಳಬಾಗಿಲಿನ) ಕೆಳಗೆ ಜನ ಸಾಲುಗಟ್ಟಿ ನಿಂತಿರುತ್ತಾರೆ. ಮೇನಲ್ಲಿ ಬಂಡೆ ಒಣಗಿರುತ್ತದೆ, ದಾರಿ ಕಾಣುತ್ತದೆ, ಜನ ಕಮ್ಮಿ. ಷರತ್ತು ಒಂದೇ: ಗಡಿಯಾರ ಹೇಳಿದಂತೆ ಕೇಳಬೇಕು.

ರಾಜಗಡ 1376 ಮೀಟರ್, ಪಕ್ಕದ ತೋರಣಾ ಕೋಟೆ 1403 ಮೀಟರ್. ಎರಡನ್ನೂ ಜೋಡಿಸುವ ಗುಡ್ಡದ ನೆತ್ತಿಗೆ ಇಲ್ಲಿಯ ಟ್ರೆಕ್ಕರ್‌ಗಳು ಧಾರ್ ಅನ್ನುತ್ತಾರೆ. ಕೋಟೆಯಿಂದ ಕೋಟೆಗೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ. ಎತ್ತರಕ್ಕೆ ಹೋದಂತೆ ಸಾವಿರ ಮೀಟರಿಗೆ ಸುಮಾರು 6 ಡಿಗ್ರಿ ಸೆಖೆ ಇಳಿಯುತ್ತದೆ. ಪುಣೆ ಇರುವುದು 560 ಮೀಟರ್ ಎತ್ತರದಲ್ಲಿ. ಅಂದರೆ ಊರಲ್ಲಿ 39 ಡಿಗ್ರಿ ಇದ್ದರೆ ಗಡದ ಮೇಲೆ ಹೆಚ್ಚು ಕಡಿಮೆ 34. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಧಾರದ ಮೇಲೆ ನೆರಳಿಲ್ಲ. ಕಾಲ ಕೆಳಗಿರುವುದು ಕಪ್ಪು ಬಸಾಲ್ಟ್ ಬಂಡೆ. ಹತ್ತು ಗಂಟೆಗೆ ಅದರ ಮೇಲೆ ಅಂಗೈ ಇಟ್ಟು ನೋಡಿ, ಲೆಕ್ಕ ಬೇರೆಯಾಗುತ್ತದೆ.

ಇನ್ನೊಂದು ಕಾರಣವೂ ಇದೆ. ಬಿಸಿಲಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಸಿಡಿಲಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಪುಣೆಯ ಸುತ್ತ ಮೋಡ ಏಳುವುದು, ನಾಲ್ಕಕ್ಕೋ ಐದಕ್ಕೋ ಗುಡುಗು ಸಮೇತ ಮಳೆ ಸುರಿಯುವುದು ಹೊಸದಲ್ಲ. ಬೋಳು ನೆತ್ತಿಯ ಮೇಲೆ ಆಗ ಎತ್ತರದ ವಸ್ತು ಅಂದರೆ ನೀವೇ. ಹಾಗಾಗಿ ಹತ್ತೂವರೆಗೆ ತೋರಣಾ, ಮಧ್ಯಾಹ್ನದೊಳಗೆ ಕೆಳಗೆ ವೆಲ್ಹೆ ಊರು. ಈ ಎರಡು ಸಮಯ ಮೊದಲು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಹೊರಡುವ ಹೊತ್ತು ಹಾಕಿದೆವು.

ನಾವು ನಾಲ್ಕು ಜನ. ಧಾರವಾಡದ ಗೆಳೆಯ, ಕಾರ್ಕಳದ ಗೆಳತಿ, ಕಲಬುರಗಿಯವನೊಬ್ಬ, ಮೈಸೂರಿನ ನಾನು. ಎಲ್ಲರೂ ಪುಣೆಯಲ್ಲಿ ಕೆಲಸ ಮಾಡಿಕೊಂಡಿರುವವರು. ಕಲಬುರಗಿಯವನಿಗೆ ನಮ್ಮ ತಯಾರಿ ನೋಡಿದರೇ ನಗು. "ಇದೂ ಒಂದ್ ಬಿಸಿಲೇನ್ರೀ?" ಅನ್ನುತ್ತಿದ್ದ. ಆದರೆ ಬಟ್ಟೆಯ ವಿಷಯದಲ್ಲಿ ನಾವೆಲ್ಲ ಕೇಳಿದ್ದು ಅವನ ಮಾತನ್ನೇ. ಅಂಗಡಿಯಲ್ಲಿ ಮಾರುವ ಮೈಗಂಟುವ ಟೀ ಶರ್ಟು ಬೇಡ. ಸಡಿಲವಾದ, ಪೂರ್ತಿ ತೋಳಿನ ಹತ್ತಿ ಅಂಗಿ ಸಾಕು. ತಲೆ, ಕಿವಿ, ಕುತ್ತಿಗೆ ಮುಚ್ಚುವಂತೆ ಒದ್ದೆ ಪಂಚೆ ಸುತ್ತಬೇಕು. ಗಾಳಿ ಬಂದಾಗ ಆ ಪಂಚೆ ಕೊಡುವ ತಂಪನ್ನು ಯಾವ ಕ್ಯಾಪೂ ಕೊಡುವುದಿಲ್ಲ.

ಬುದ್ಧ ಪೂರ್ಣಿಮೆಯ ಹತ್ತಿರದ ಶನಿವಾರ ಆರಿಸಿಕೊಂಡೆವು. ರಾತ್ರಿ ಹತ್ತೋಕೆ ಬೆಳದಿಂಗಳು ಸಿಗಲಿ ಅಂತ. (ಮಿಂಚುಹುಳು ನೋಡುವ ಆಸೆ ಇದ್ದರೆ ಉಲ್ಟಾ ಮಾಡಿ. ಮೇ ಕೊನೆಯ ಕತ್ತಲ ರಾತ್ರಿ ಬೇಕು.) ಸ್ವಾರ್ಗೇಟ್‌ನಿಂದ ವೆಲ್ಹೆ ಕಡೆಯ ಎಸ್ಟಿ ಬಸ್ ಹಿಡಿದು ಮಾರ್ಗಾಸನಿಯಲ್ಲಿ ಇಳಿದೆವು. ಅಲ್ಲಿಂದ ಜೀಪಿನಲ್ಲಿ ಗುಂಜವಣೆ. ಸ್ವಂತ ಕಾರು ಬೇಡವೇ ಬೇಡ. ಹತ್ತುವುದು ಒಂದು ಊರಲ್ಲಿ, ಇಳಿಯುವುದು ಇನ್ನೊಂದು ಊರಲ್ಲಿ. ಕಾರು ತಂದರೆ ಸುಸ್ತಾದ ಮೇಲೆ ಅದನ್ನು ತರಲು ಮತ್ತೊಂದು ಪ್ರಯಾಣ.

ಗುಂಜವಣೆಯ ಒಂದು ಮನೆಯಲ್ಲಿ ಊಟ, ಅಂಗಳದಲ್ಲಿ ನಿದ್ದೆ. ಪಿಠ್ಲಾ (ಕಡಲೆಹಿಟ್ಟಿನ ಪಲ್ಯ), ಭಾಕ್ರಿ (ರೊಟ್ಟಿ), ಹಸಿಮೆಣಸಿನ ಠೇಚಾ. ಧಾರವಾಡದವನು ಪಿಠ್ಲಾ ತಿಂದು "ಇದು ನಮ್ಮ ಝುಣಕಾದ ತಮ್ಮ" ಅಂತ ತೀರ್ಪು ಕೊಟ್ಟ. ಕಾರ್ಕಳದವಳು ಊರಿಂದ ತಂದ ಪುನರ್ಪುಳಿ ಸಿಪ್ಪೆಯನ್ನು ಆಗಲೇ ಒಂದು ಬಾಟಲಿಯಲ್ಲಿ ನೆನೆಹಾಕಿದಳು. ಮಾರನೇ ದಿನ ನಮ್ಮನ್ನು ಜಾಸ್ತಿ ಕಾಪಾಡಿದ್ದು ಅದೇ.

ನೀರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ತಲೆಗೆ 4 ಲೀಟರ್ ಹೊತ್ತುಕೊಂಡೆವು. ಭಾರ ಅನ್ನಿಸುತ್ತದೆ, ಹೌದು. ಆದರೆ ಮೇ ತಿಂಗಳಲ್ಲಿ ಧಾರದ ಮೇಲೆ ನೀರು ಸಿಗುತ್ತದೆ ಅಂತ ನಂಬಿ ಹೊರಡುವ ಹಾಗಿಲ್ಲ. ಗಡದ ಮೇಲೆ ಬಂಡೆ ಕೊರೆದು ಮಾಡಿದ ಹಳೆಯ ಟಾಕಿಗಳಿವೆ. ರಾಜಗಡದಲ್ಲಿ ಪದ್ಮಾವತಿ ದೇವಸ್ಥಾನದ ಹತ್ತಿರದ ಟಾಕಿಯಲ್ಲಿ ನೀರಿತ್ತು, ತುಂಬಿಸಿಕೊಂಡೆವು. ಪಕ್ಕದ ದೊಡ್ಡ ಕೆರೆಯ ನೀರು ಕುಡಿಯುವಂಥದ್ದಲ್ಲ. ಟಾಕಿಯ ನೀರನ್ನೂ ಬಟ್ಟೆಯಲ್ಲಿ ಸೋಸಿ, ಕ್ಲೋರಿನ್ ಮಾತ್ರೆ ಹಾಕಿಯೇ ಕುಡಿದೆವು. ಬರೀ ನೀರು ಕುಡಿಯುತ್ತಾ ಹೋದರೂ ಸಾಲದು. ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಅದು ಕಮ್ಮಿಯಾದರೆ ತಲೆನೋವು, ವಾಕರಿಕೆ, ಕಾಲಿನ ಸ್ನಾಯು ಹಿಡಿದುಕೊಳ್ಳುವುದು ಶುರು. 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಮಟ್ಟಸವಾಗಿ ಅಳೆದು ಹಾಕಬೇಕು. ಎರಡು ಬಾಟಲಿ ಹಾಗೆ, ಉಳಿದದ್ದು ಸಾದಾ. ಬಾಯಾರಿಕೆ ಆಗಲಿ ಅಂತ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು.

ರಾತ್ರಿ ಎರಡೂವರೆಗೆ ಹೊರಟೆವು, ಊರಿನ ಒಬ್ಬ ಹುಡುಗನನ್ನು ಜೊತೆಗೆ ಕರೆದುಕೊಂಡು. ಕಾಡಿನ ದಾರಿ ಮುಗಿದ ಮೇಲೆ ಚೋರ್ ದರ್ವಾಜಾದವರೆಗಿನ ಏರು ಮೈಮುರಿಯುತ್ತದೆ. ಕೊನೆಗೆ ಕಬ್ಬಿಣದ ಕಂಬಿ ಹಿಡಿದು ಹತ್ತಬೇಕು. ಆ ಹೊತ್ತಿಗೆ ಕಂಬಿ ತಣ್ಣಗಿತ್ತು. ಹಗಲು ಬಂದವರಿಗೆ ಈ ಸುಖ ಇಲ್ಲ. ಐದಕ್ಕೆ ಮುಂಚೆ ಪದ್ಮಾವತಿ ಮಾಚಿ ತಲುಪಿದೆವು. ಮಾಚಿ ಅಂದರೆ ಕೋಟೆಯ ನೆತ್ತಿಗಿಂತ ಕೆಳಗೆ ಚಾಚಿಕೊಂಡಿರುವ, ಗೋಡೆ ಕಟ್ಟಿದ ಮಟ್ಟಸ ಜಾಗ.

ರಾಜಗಡ ನೋಡೋಕೆ ಬಂದವರು ಬಾಲೇಕಿಲ್ಲಾ (ನೆತ್ತಿಯ ಒಳಕೋಟೆ) ಹತ್ತುತ್ತಾರೆ, ಸುವೇಳಾ ಮಾಚಿಯ ನೇಢೆಗೆ (ಬಂಡೆಯಲ್ಲಿ ತಾನಾಗಿ ಆದ ಕಿಂಡಿಗೆ) ಹೋಗುತ್ತಾರೆ. ನಾವು ಎರಡನ್ನೂ ಬಿಟ್ಟೆವು. ನೇಢೆಯ ಕಡೆ ಜೇನುಗೂಡುಗಳಿರುತ್ತವೆ, ಅವುಗಳ ತಂಟೆ ಬೇಡ. ಜೊತೆಗೆ ಈ ದಿನ ಕೋಟೆ ನೋಡುವ ದಿನ ಆಗಿರಲಿಲ್ಲ. ಶಿವಾಜಿ ಸುಮಾರು ಕಾಲು ಶತಮಾನ ರಾಜಧಾನಿ ಮಾಡಿಕೊಂಡಿದ್ದ ಜಾಗ ಇದು. ಆಗ್ರಾದಿಂದ 1666ರಲ್ಲಿ ತಪ್ಪಿಸಿಕೊಂಡು ಬಂದು ಸೇರಿದ್ದೂ ಇಲ್ಲಿಗೇ. 2025ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲಿ ರಾಜಗಡವೂ ಒಂದು. ಅದಕ್ಕೆ ಚಳಿಗಾಲದ ಒಂದು ಪೂರ್ತಿ ದಿನ ಬೇಕು.

ಸಂಜೀವನಿ ಮಾಚಿಯನ್ನು ಮಾತ್ರ ದಾಟಲೇಬೇಕು, ತೋರಣಾದ ದಾರಿ ಅದರ ಅಳು ದರ್ವಾಜಾದಿಂದಲೇ ಇಳಿಯುತ್ತದೆ. ಗುಡ್ಡದ ಸೊಂಟ ಬಳಸಿಕೊಂಡು ಜೋಡಿ ಗೋಡೆ ಹೋಗಿದೆ. ಎರಡು ಗೋಡೆಗಳ ನಡುವೆ ಒಬ್ಬ ಸಿಪಾಯಿ ಕಾಣದಂತೆ ಓಡಾಡುವಷ್ಟು ಜಾಗ. ಅದರ ಮೇಲೆ ಕೂತು ಬೆಳಕಿಗಾಗಿ ಕಾದೆವು. ಅಳು ದರ್ವಾಜಾದ ಕೆಳಗಿನ ಇಳಿಜಾರನ್ನು ಕತ್ತಲಲ್ಲಿ ಇಳಿಯಬಾರದು. ಬೇಸಿಗೆಯ ನಿಜವಾದ ಅಪಾಯ ಅಲ್ಲಿದೆ. ಒಣ ಹುಲ್ಲು, ಅದರ ಕೆಳಗೆ ಸಡಿಲ ಮಣ್ಣು, ಉರುಳುವ ಸಣ್ಣ ಕಲ್ಲು. ಇಲ್ಲಿಯವರು ಘಸಾರಾ ಅನ್ನುತ್ತಾರೆ. ಕಾಲಿಟ್ಟರೆ ರಾಗಿ ರಾಶಿಯ ಮೇಲೆ ಇಟ್ಟ ಹಾಗೆ ಸರಿಯುತ್ತದೆ. ಮುಖ ಗುಡ್ಡದ ಕಡೆ ಮಾಡದೆ ಅಡ್ಡಡ್ಡ ನಿಂತು, ಮೊಣಕಾಲು ಸ್ವಲ್ಪ ಬಗ್ಗಿಸಿ, ಸಣ್ಣ ಹೆಜ್ಜೆ ಹಾಕಬೇಕು. ಹುಲ್ಲು ಹಿಡಿಯಬಾರದು, ಬೇರು ಸಮೇತ ಕೈಗೆ ಬರುತ್ತದೆ. ಕಾರವಿ ಗಿಡದ ಕಾಂಡ ಹಿಡಿಯಬಹುದು, ಬುಡದಲ್ಲಿ. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರಬಾರದು, ಕಲ್ಲು ಉರುಳುತ್ತದೆ. ನಾವು ಒಬ್ಬೊಬ್ಬರಾಗಿ ಇಳಿದೆವು. ಹೊತ್ತು ಹಿಡಿಯಿತು, ಹಿಡಿಯಲಿ.

ಅಲ್ಲಿಂದ ಮುಂದೆ ಹಬ್ಬ. ರಾಜಗಡದಿಂದ ತೋರಣಾ ಪಶ್ಚಿಮಕ್ಕೆ. ಬೆಳಗಿನ ಸೂರ್ಯ ಬೆನ್ನ ಹಿಂದೆ ಇರುತ್ತಾನೆ. ತೋರಣಾದಿಂದ ಶುರುಮಾಡಿದವರ ಕಣ್ಣಿಗೆ ನೇರ ಹೊಡೆಯುತ್ತಾನೆ. ದಿಕ್ಕಿನ ಬಗ್ಗೆ ವಾದ ಮಾಡುವವರಿಗೆ ನನ್ನ ಉತ್ತರ ಇಷ್ಟೇ. ಎಡಕ್ಕೆ ಭಾಟಘರ್ ಅಣೆಕಟ್ಟಿನ ಹಿನ್ನೀರು, ಬೇಸಿಗೆಗೆ ಬಹಳ ಹಿಂದೆ ಸರಿದು ಕೆಂಪು ದಡ ಬಿಟ್ಟಿತ್ತು. ಬಲಕ್ಕೆ ವೆಲ್ಹೆ ಕಡೆಯ ಕಣಿವೆ, ದೂರದಲ್ಲಿ ಸಿಂಹಗಡ. ನಡುವೆ ಕಾರವಿ ಪೊದೆಗಳ ಸಂದಿಯಲ್ಲಿ ದಾರಿ. ಏಳೆಂಟು ವರ್ಷಕ್ಕೊಮ್ಮೆ ಹೂ ಬಿಡುವ ಗಿಡ ಇದು. ಮೇ ತಿಂಗಳಲ್ಲಿ ಬರೀ ಕಡ್ಡಿ. ಆದರೂ ಅಲ್ಲಲ್ಲಿ ತಲೆಮಟ್ಟದ ನೆರಳು ಕೊಡುತ್ತದೆ. ಕವಳೆ ಹಣ್ಣು ಕಪ್ಪಾಗಿ ಹಣ್ಣಾಗಿತ್ತು. ಧಾರವಾಡದವನನ್ನು ಪೊದೆಯಿಂದ ಎಳೆದು ತರಬೇಕಾಯಿತು. ತುಟಿಗೆಲ್ಲ ಅಂಟು.

ಏಳೂವರೆಗೆ ಖಿಂಡಿನ (ಗುಡ್ಡದ ನಡುವಿನ ಕಣಿವೆದಾರಿಯ) ಟಾರ್ ರಸ್ತೆಗೆ ಇಳಿದೆವು. ಈ ರಸ್ತೆ ಧಾರವನ್ನು ಅಡ್ಡ ಕತ್ತರಿಸುತ್ತದೆ. ಇದೇ ನಮ್ಮ ಲೆಕ್ಕದ ಕಟ್ಟಕಡೆಯ ಬಾಗಿಲು. ಎಂಟೂವರೆ ದಾಟಿ ಇಲ್ಲಿಗೆ ಬಂದಿದ್ದರೆ, ಯಾರಾದರೂ ಬೆವರುವುದು ನಿಂತಿದ್ದರೆ, ಮಾತು ತೊದಲುತ್ತಿದ್ದರೆ, ಇಲ್ಲೇ ಮುಗಿಸಿ ವೆಲ್ಹೆಗೆ ಹೋಗುವುದು ಅಂತ ಮೊದಲೇ ಮಾತಾಗಿತ್ತು. ಇಂಥ ಮಾತು ಮನೆಯಲ್ಲೇ ಆಗಿರಬೇಕು. ದಾರಿಯಲ್ಲಿ ಯಾರೂ "ನನಗಾಗಲ್ಲ" ಅನ್ನುವುದಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಒಂದೊಂದು ಅಂಟಿನ ಉಂಡೆ ತಿಂದು ಎದ್ದೆವು.

ಎರಡನೇ ಅರ್ಧ ಏರಿಳಿತ. ತೋರಣಾ ಹತ್ತಿರವೇ ಕಾಣುತ್ತದೆ, ಬರುವುದಿಲ್ಲ. ಒಂಬತ್ತರ ಹೊತ್ತಿಗೆ ಗಾಳಿ ಬಿದ್ದುಹೋಯಿತು. ಎಲ್ಲರ ಮಾತೂ ನಿಂತಿತು. ಪುನರ್ಪುಳಿ ಬಾಟಲಿ ಕೈಯಿಂದ ಕೈಗೆ ಹೋಯಿತು. ತೋರಣಾದ ಬುಧಲಾ ಮಾಚಿಯ ಬುಡದಲ್ಲಿ ಕೈ ಕಾಲು ಎರಡನ್ನೂ ಬಳಸಿ ಹತ್ತುವ ಬಂಡೆ ಇದೆ. ಮಳೆಗಾಲದಲ್ಲಿ ಅದು ಜಾರುತ್ತದೆ, ನಮಗೆ ಹಿಡಿತ ಗಟ್ಟಿ ಸಿಕ್ಕಿತು. ಬಿಸಿ ಮಾತ್ರ ಇತ್ತು. ಸೈಕಲ್ಲಿನವರು ಹಾಕುವ ಅರ್ಧ ಬೆರಳಿನ ಕೈಗವಸು ತಂದಿದ್ದೆ, ಅದರ ಕೆಲಸ ಇಲ್ಲಿತ್ತು.

ತೋರಣಾದ ಮೇಲಿನ ಮೇಂಗಾಈ ದೇವಸ್ಥಾನ ತಲುಪಿದಾಗ ಹತ್ತೂಮುಕ್ಕಾಲು. ಊರಿನ ಅಜ್ಜಿಯೊಬ್ಬರು ಮಡಕೆಯಲ್ಲಿ ಮಜ್ಜಿಗೆ ಹೊತ್ತು ತಂದು ಕೂತಿದ್ದರು. ಚೌಕಾಸಿ ಮಾಡಬೇಡಿ. ಅವರೂ ಅದೇ ಗುಡ್ಡ ಹತ್ತಿ ಬಂದಿದ್ದಾರೆ, ತಲೆಯ ಮೇಲೆ ಭಾರ ಇಟ್ಟುಕೊಂಡು. ನೆರಳಲ್ಲಿ ಅರ್ಧ ಗಂಟೆ ಬೂಟು ಬಿಚ್ಚಿ ಕೂತೆವು. ತೋರಣಾದಲ್ಲಿ ಸಿಕ್ಕ ನಿಧಿಯಿಂದಲೇ ರಾಜಗಡ ಕಟ್ಟಿಸಿದರು ಅಂತ ಇಲ್ಲಿ ಹೇಳುತ್ತಾರೆ. ಆ ದುಡ್ಡನ್ನು ಹೊತ್ತವರೂ ನಾವು ಬಂದ ದಾರಿಯಲ್ಲೇ ಹೋದರೋ ಏನೋ, ಅಂದ ಕಲಬುರಗಿಯವನು. ಅಷ್ಟರಲ್ಲಿ ಅವನೂ ಪಂಚೆಯನ್ನು ಮೂರನೇ ಸಲ ನೆನೆಸುತ್ತಿದ್ದ.

ಬಿನಿ ದರ್ವಾಜಾದಿಂದ ವೆಲ್ಹೆಗೆ ಇಳಿಯುವ ದಾರಿ ಮೊಣಕಾಲಿಗೆ ಕಷ್ಟ. ಕೋಲು ಇದ್ದರೆ ಇಲ್ಲಿಗೆಂದೇ ಇಟ್ಟುಕೊಳ್ಳಿ. ನೋಡುವಂಥದ್ದು ಜಾಸ್ತಿ ಇಲ್ಲ, ಸುಮ್ನೆ ಇಳಿಯುವುದು. ವೆಲ್ಹೆ ತಲುಪಿದಾಗ ಒಂದು ಗಂಟೆ, ಪಶ್ಚಿಮದಲ್ಲಿ ಮೋಡ ಏಳುತ್ತಿತ್ತು. ಸ್ವಾರ್ಗೇಟ್ ಬಸ್ಸಿಗೆ ಇನ್ನೂ ಹೊತ್ತಿತ್ತು. ಹೋಟೆಲಿನಲ್ಲಿ ಊಟಕ್ಕೆ ಹೇಳಿ, ಜೀಪಿನವನ ಜೊತೆ ಧಾರವಾಡದವನು ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ದರ ಮಾತಾಡೋಕೆ ಕೂತ. ನಸರಾಪುರ ಫಾಟಾದವರೆಗೆ (ಕ್ರಾಸಿನವರೆಗೆ) ಕುದುರಿತು.