ಸ್ಟೇಷನ್ನಿನಿಂದ ಮನೆವರೆಗಿನ ಹನ್ನೆರಡು ನಿಮಿಷ

ಮುಂಬೈಯ ಮುಲುಂಡ್‌ನಲ್ಲಿ ನಾನು ಡಯಟೀಶಿಯನ್. ಬರುವವರಲ್ಲಿ ಉಡುಪಿ, ಕುಂದಾಪುರ ಕಡೆಯವರು ಬಹಳ. ಮೊದಲೆಲ್ಲ ಸಕ್ಕರೆ ಕಾಯಿಲೆ ಅಂದರೆ ಎಲ್ಲರಿಗೂ ಒಂದೇ ಚೀಟಿ: ಅನ್ನ ಕಡಿಮೆ, ಕರಿದದ್ದು ಬೇಡ, ದಿನಕ್ಕೆ 400 ಗ್ರಾಂ ಹಣ್ಣು-ತರಕಾರಿ. ಫೋರ್ಟ್‌ನಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ಮೂರನೇ ಸಲ ಬಂದಾಗಲೂ ಅವರ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) 8.9ರಲ್ಲೇ ನಿಂತಿತ್ತು. ಸ್ವಲ್ಪ ಗಟ್ಟಿಯಾಗಿಯೇ ವಿಚಾರಿಸಿದೆ.

"ನಿಮ್ಮ ಚೀಟಿ ಫ್ರಿಜ್ಜಿನ ಬಾಗಿಲಲ್ಲೇ ಉಂಟು ಮೇಡಂ. ಆದರೆ ರೈಲು ಇಳಿಯುವಾಗ ಹಸಿವು ತಡೆಯುವುದಿಲ್ಲ. ಮನೆ ಮುಟ್ಟುವವರೆಗೆ ಏನು ಮಾಡುದು?"

ಮರುದಿನ ಸಂಜೆ ಮುಲುಂಡ್ ಸ್ಟೇಷನ್ನಿನಿಂದ ಅವರ ಜೊತೆ ನಡೆದೆ. ಸೇತುವೆ ಇಳಿದರೆ ವಡಾಪಾವ್ ಗಾಡಿ. ಕಡಾಯಿಯಿಂದ ಆಗಷ್ಟೇ ಎತ್ತಿದ ವಡೆ, ಸೀಳಿದ ಪಾವಿಗೆ ಸವರುವ ಬೆಳ್ಳುಳ್ಳಿ ಚಟ್ನಿಪುಡಿ, ಉಪ್ಪು ಉದುರಿಸಿದ ಹುರಿದ ಹಸಿಮೆಣಸು. ಮಧ್ಯಾಹ್ನ ಒಂದಕ್ಕೆ ಡಬ್ಬಿ ಉಂಡವರು ರಾತ್ರಿ ಎಂಟಕ್ಕೆ ಆ ವಾಸನೆ ದಾಟಿ ಹೋಗುವುದು ಹೇಗೆ? 1966ರ ಸುಮಾರಿಗೆ ದಾದರ್ ಸ್ಟೇಷನ್ ಹೊರಗೆ ವಡಾಪಾವ್ ಶುರುವಾದದ್ದೂ ಇಂಥ ಹಸಿದು ಓಡುವವರಿಗಾಗಿಯೇ ಅನ್ನುತ್ತಾರೆ. ಆಮೇಲೆ ಸಮೋಸಾ, ಚೈನೀಸ್ ಗಾಡಿ, ಫರಸಾಣ್ (ಕುರುಕಲು ತಿಂಡಿ) ಅಂಗಡಿ. ತರಕಾರಿಯವರೂ ಇದ್ದರು, ಮೆಂತ್ಯ ಸೊಪ್ಪಿನ ಕಟ್ಟು ತಾಜಾ ಇತ್ತು. ಅದನ್ನು ಬಿಡಿಸಿ, ತೊಳೆದು, ಬೇಯಿಸಲು ಅಕ್ಕನಿಗೆ ಹೊತ್ತೇ ಇರಲಿಲ್ಲ. ರೈಲಿನ ಲೇಡೀಸ್ ಡಬ್ಬಿಯಲ್ಲಿ ಹೆಂಗಸರು ಮಡಿಲಲ್ಲೇ ಸೊಪ್ಪು ಬಿಡಿಸುತ್ತ ಬರುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಚೀಟಿ ಬರೆಯುವಾಗ ಮಾತ್ರ ಅದು ನೆನಪಾಗಿರಲಿಲ್ಲ.

ಚೀಟಿ ಬದಲಾಯಿಸಿದೆ. ಅಕ್ಕ ರೈಲು ಹತ್ತುವ ಫೋರ್ಟ್ ಬಳಿಯ ಸಿಎಸ್‌ಎಂಟಿ ಸ್ಟೇಷನ್ ಹೊರಗೆ ಕಾಗದದ ಪೊಟ್ಟಣದಲ್ಲಿ ಹುರಿದ ಕಡಲೆ ಸಿಗುತ್ತದೆ. ರೈಲು ಹತ್ತುವ ಮುಂಚೆ ಒಂದು ಹಿಡಿ, ಸಿಪ್ಪೆ ಸಮೇತ. ನಾರು, ಪ್ರೋಟೀನ್ ಎರಡೂ ಇರುವುದರಿಂದ ಸಕ್ಕರೆ ನಿಧಾನ ಏರುತ್ತದೆ, ಮುಲುಂಡ್ ಬರುವವರೆಗೆ ಹೊಟ್ಟೆಗೂ ಆಧಾರ.

ರಾತ್ರಿ ಊಟಕ್ಕೆ ಸ್ಟೇಷನ್ ರಸ್ತೆಯ ಪೋಳಿ-ಭಾಜಿ (ಚಪಾತಿ-ಪಲ್ಯ) ಅಂಗಡಿಗೆ ಹೋದೆ. ಮಟ್ಕಿ ಉಸಳ್ (ಮೊಳಕೆ ಬಂದ ಮಡಕೆ ಕಾಳಿನ ಪಲ್ಯ) ಇತ್ತು, ಮೇಲೆ ಕೆಂಪಗೆ ಎಣ್ಣೆ ತೇಲುತ್ತಿತ್ತು, ಬೆಲ್ಲವೂ ಬಿದ್ದಿತ್ತು. ಎಣ್ಣೆ ಕಡಿಮೆ ಮಾಡಿದರೆ ಗಿರಾಕಿ ಬರುವುದಿಲ್ಲ ಎಂದರು ಅಂಗಡಿಯ ತಾಯಿ. ಅವರ ಮಾತೂ ನ್ಯಾಯವೇ, ಬಾಡಿಗೆ ಕಟ್ಟಬೇಕಲ್ಲ. ಕೊನೆಗೆ ಒಪ್ಪಂದವಾಯಿತು: ದಿನಕ್ಕೆ ಆರು ಗಿರಾಕಿ ಖಾತ್ರಿ ಮಾಡಿದರೆ ಬೇರೆ ಪಾತ್ರೆಯಲ್ಲಿ, ಕಡಿಮೆ ಎಣ್ಣೆಯ ಒಗ್ಗರಣೆ ಹಾಕಿ, ಬೆಲ್ಲವಿಲ್ಲದೆ ಮಾಡಿಕೊಡುತ್ತಾರೆ. ನನ್ನ ರೋಗಿಗಳಲ್ಲೇ ಏಳು ಜನ ಸಿಕ್ಕರು. ಅಕ್ಕ ಈಗ ಎರಡು ಪೋಳಿ, ಉಸಳ್ ಒಯ್ಯುತ್ತಾರೆ. ಮನೆಯಲ್ಲಿ ಸೌತೆಕಾಯಿ ಹೆಚ್ಚಿಕೊಂಡರೆ ಮುಗಿಯಿತು.

ಆರು ತಿಂಗಳ ಮೇಲೆ ಎಚ್‌ಬಿಎ1ಸಿ 7.6 ಬಂತು. ಮಾತ್ರೆಯೂ ತಪ್ಪದೆ ತೆಗೆದುಕೊಂಡಿದ್ದರು, ಹಾಗಾಗಿ ಬರೀ ಊಟದಿಂದ ಎನ್ನಲಾರೆ.

ಹೋಟೆಲಿನಲ್ಲಿ ದುಡಿಯುವ ಕುಂದಾಪುರದ ಹುಡುಗನೊಬ್ಬ ಇದ್ದಾನೆ, ಅವನಿಗೂ ಸಕ್ಕರೆ. ಐದು ಜನರ ಜೊತೆ ಒಂದು ರೂಮು, ಒಲೆ ಇಲ್ಲ. ರಾತ್ರಿ ಹನ್ನೊಂದೂವರೆಗೆ ಅವನು ಇಳಿಯುವಾಗ ಪೋಳಿ-ಭಾಜಿ ಅಂಗಡಿಯ ಬಾಗಿಲು ಎಳೆದಿರುತ್ತದೆ, ವಡಾಪಾವ್ ಗಾಡಿ ಇರುತ್ತದೆ. ಮುಂದಿನ ವಾರ ಅವನ ಜೊತೆ ಆ ಹೊತ್ತಿಗೆ ನಡೆಯಲಿದ್ದೇನೆ.