ಪೆರ್ಲದ ಕಡೆ ಮನೆ ಹುಡುಕುವವರಿಗೆ

ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದೇವೆ, ಕಾಸರಗೋಡಿನ ಕಡೆ ಬಂದು ಇರಬಹುದಾ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು: ಖಂಡಿತ ಬನ್ನಿ, ಆದರೆ ಹೆದ್ದಾರಿ ಬದಿಯಲ್ಲೇ ನಿಂತುಬಿಡಬೇಡಿ. ರೈಲು ಹತ್ತಿರ ಅಂತ ಕುಂಬಳೆ, ಉಪ್ಪಳದಲ್ಲಿ ಫ್ಲಾಟ್ ಹಿಡಿಯುವವರೇ ಜಾಸ್ತಿ. ಜನ ಬೇಕಾಗಿರುವುದು ಒಳಗಿನ ಊರುಗಳಿಗೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬೆಳ್ಳೂರು, ಪೈವಳಿಕೆ. ಇಲ್ಲಿ ಅಡಿಕೆ ತೋಟದ ನಡುವೆ ಒಳ್ಳೊಳ್ಳೆಯ ಹಂಚಿನ ಮನೆಗಳು ಬೀಗ ಹಾಕಿ ಕೂತಿವೆ. ಬಾಡಿಗೆಗೆ ಉಂಟು ಅಂತ ಬೋರ್ಡು ಯಾರೂ ಹಾಕುವುದಿಲ್ಲ. ಸಂಜೆ ಹಾಲಿನ ಸೊಸೈಟಿ ಹತ್ತಿರ ನಿಂತು ವಿಚಾರಿಸಿ.

ಮನೆ ನೋಡಲು ಏಪ್ರಿಲಿನಲ್ಲೇ ಬನ್ನಿ. ಮಳೆಗಾಲದಲ್ಲಿ ಎಲ್ಲ ಮನೆಯಲ್ಲೂ ನೀರುಂಟು. ನಮ್ಮಲ್ಲಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದಿಂದ ಪಂಪಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ. ಏಪ್ರಿಲಿನಲ್ಲಿ ನಮ್ಮ ಸುರಂಗದ ಧಾರೆ ಕಿರುಬೆರಳಿನಷ್ಟು ಸಪೂರ. ರಾತ್ರಿಯಿಡೀ ಬಿದ್ದು ಬೆಳಗಾಗುವಾಗ ಟಾಂಕಿ ತುಂಬುತ್ತದೆ. ಅಷ್ಟು ಸಾಕು.

ಅಡ್ವಾನ್ಸ್ ಕೊಡುವ ಮೊದಲು ಕೇಬಲಿನವರನ್ನು ಕರೆಸಿ, ಫೈಬರ್ ಆ ಮನೆವರೆಗೆ ಬರುತ್ತದಾ ಎಂದು ಕೇಳಿ. ಗಾಳಿಮಳೆಗೆ ಮರ ಬಿದ್ದು ಕಡಿದರೆ ಎರಡು ದಿನ ಹೋದೀತು. ಬೇರೆ ಕಂಪನಿಯ ಸಿಮ್ ಒಂದು ಕೈಯಲ್ಲಿರಲಿ. ಇನ್ವರ್ಟರ್ ಬೇಕೇ ಬೇಕು. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಗಳಲ್ಲಿ ದೂರದ ಗುಡುಗು ಕೇಳಿದ ಕೂಡಲೇ ರೌಟರಿನ ಪ್ಲಗ್ ತೆಗೆದುಬಿಡಿ, ಮೀಟಿಂಗ್ ನಡೆಯುತ್ತಿದ್ದರೂ ಸರಿ. ನಮ್ಮ ಮನೆಯಲ್ಲಿ ಎರಡು ಸುಟ್ಟಿವೆ.

ಕೆಎ ನಂಬರಿನ ಗಾಡಿ 12 ತಿಂಗಳಿಗಿಂತ ಹೆಚ್ಚು ಇಲ್ಲೇ ಇರುವುದಾದರೆ ಕೇರಳದ ನೋಂದಣಿ ಮಾಡಿಸಬೇಕು.

ಭಾಷೆಯ ಬಗ್ಗೆ ಹೆದರಬೇಡಿ. 1956ರ ನವೆಂಬರ್ 1ರಂದು ಆಗಿನ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅಂಗಳದ ಮಾತು ಇವತ್ತಿಗೂ ಕನ್ನಡ, ತುಳು, ಮರಾಟಿ, ಮಲಯಾಳ ಎಲ್ಲ ಕೂಡಿದ್ದು. ಸರಕಾರಿ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ನಮಗುಂಟು, ಸಂಕೋಚ ಬಿಟ್ಟು ಬಳಸಿ. ಹಾಗೆಂದು ಮಲಯಾಳ ಕಲಿಯದೆ ಇರಬೇಡಿ. ಬಸ್ಸಿನ ಬೋರ್ಡು ಓದುವಷ್ಟಾದರೂ ಬೇಕು.

ಮುಖ್ಯವಾದ್ದು ಶಾಲೆ. ಕೇರಳದಲ್ಲಿ ಶಾಲೆ ಶುರುವಾದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಎಷ್ಟು ಡಿವಿಷನ್ (ತರಗತಿಯ ವಿಭಾಗ), ಎಷ್ಟು ಅಧ್ಯಾಪಕರು ಎಂಬುದು ಆ ಲೆಕ್ಕದ ಮೇಲೆ. ನಮ್ಮೂರ ಶಾಲೆಯ ಟೀಚರು ಆ ದಿನ ಕನ್ನಡ ಡಿವಿಷನಿನ ಹಾಜರಿ ಪುಸ್ತಕ ತೆರೆದಿಟ್ಟು, ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಎರಡೆರಡು ಸಲ ಎಣಿಸಿದ್ದನ್ನು ನಾನೇ ನೋಡಿದ್ದೇನೆ. ಕಡೆಯ ಎರಡು ಹೆಸರು ಲ್ಯಾಪ್‌ಟಾಪ್ ಹಿಡಿದು ಮೈಸೂರಿನಿಂದ ಬಂದ ಮನೆಯವರ ಮಕ್ಕಳದ್ದು. ತೋಟದ ಕೆಲಸಕ್ಕೆ ನೀವು ಆಗಲಿಕ್ಕಿಲ್ಲ, ಆದರೆ ನಿಮ್ಮ ಒಂದು ಮಗು ಒಂದು ಕನ್ನಡ ತರಗತಿಯನ್ನು ಉಳಿಸಬಹುದು. ಹಾಗಾಗಿ ಸಾಮಾನು ಸಾಗಿಸುವುದಿದ್ದರೆ ಮೇ ತಿಂಗಳಲ್ಲೇ ಸಾಗಿಸಿ. ಜೂನ್ ಕಳೆದು ಬಂದರೆ ಮಗುವಿಗೆ ಸೀಟು ಸಿಕ್ಕೀತು, ಆ ವರ್ಷದ ಎಣಿಕೆಗೆ ಹೆಸರು ಸೇರುವುದಿಲ್ಲ.