ಚೆಸ್ ಆಡಾಕ ಫೋನ್ ಸಾಕೇನು, ಟ್ಯಾಬ್ ತಗೋಬೇಕೇನು?

ನಮ್ಮ ಬೆಳಗಾವಿ ಕಡೆ ಈಗ ಹುಡುಗರು ಹುಡುಗಿಯರು ಭಾಳ ಮಂದಿ ಚೆಸ್ ಹಿಡದಾರ, 2024ರಾಗ ಗುಕೇಶ್ 18 ವರ್ಷಕ್ಕ ವಿಶ್ವ ಚಾಂಪಿಯನ್ ಆದ ಮ್ಯಾಲಂತೂ ಮನ್ಯಾಗಿನವ್ರೂ ಏನರೆ ಒಂದು ಕೊಡಸೂಣು ಅಂತಾರ. ಅಂಗಡಿಗೆ ಹೋದ್ರ ಅವ್ರು ರ್‍ಯಾಮ್, ಪ್ರೊಸೆಸರ್ ಅಂತ ಶುರು ಮಾಡ್ತಾರ. ಅದು ಆಮ್ಯಾಲ ನೋಡೂಣು, ಮೊದ್ಲ ಒಂದು ಪಟ್ಟಿ ಹಿಡದು ಸ್ಕ್ರೀನಿನ ಅಗಲ ಅಳೀರಿ, ಚೆಸ್ ಬೋರ್ಡಿನ್ಯಾಗ ಅಡ್ಡಕ್ಕ 8 ಮನಿ ಅದಾವಲ್ಲ, ಅದಕ್ಕ 8ರಿಂದ ಭಾಗಿಸ್ರಿ. ಸಾದಾ ಫೋನಿನ ಅಗಲ 7 ಸೆಂಟಿಮೀಟರ್ ಆಜೂಬಾಜು, ಅಂದ್ರ ಒಂದು ಮನಿ 9 ಮಿಲಿಮೀಟರೂ ಇರೂದಿಲ್ಲ, 3 ನಿಮಿಷದ ಬ್ಲಿಟ್ಜ್, ಅಂದ್ರ ಗಡಿಬಿಡಿ ಆಟ, ಆಡೂಮುಂದ ಬೆರಳಿನ ಕೆಳಗ ಪ್ಯಾದಿ ಮುಚ್ಚಿಹೋಗಿ ಇ4 ಮನಿಗೆ ಇಡೂದು ಅದರ ಹಿಂದಿನ ಇ3ರಾಗ ಕುಂತಿರತೈತಿ. 8 ಇಂಚಿನ ಟ್ಯಾಬ್ ಆದ್ರ ಮನಿ ಸುಮಾರು 13 ಮಿಲಿಮೀಟರ್, ಒಂದ ಕೈಯಾಗ ಹಿಡಿಯಾಕೂ ಬರತೈತಿ. ನನ್ನ ಕೇಳಿದ್ರ ಅದ ಸರಿಯಾದ ಸೈಜು. 10 ಇಂಚಿಂದು ಮನ್ಯಾಗ ಕುಂತು ಆಡಾಕ ಛಲೋ, ಬಸ್ಸಿನ್ಯಾಗ ಕೈ ನೋಯತೈತಿ.

ಫೋನೇ ಇದ್ರ ಹೊಸಾದು ತಗೋಬ್ಯಾಡ್ರಿ, ಸೆಟ್ಟಿಂಗ್ ಬದಲಿ ಮಾಡ್ರಿ. ಕಾಯಿ ಎಳಿಯೂದು ಬಿಟ್ಟು ಮೊದ್ಲ ಕಾಯಿ ಮುಟ್ಟಿ ಆಮ್ಯಾಲ ಮನಿ ಮುಟ್ಟೂದು ಇಟ್ಕೋರಿ, ತಪ್ಪು ಕಡಿಮಿ ಆಗತಾವು.

ದುಬಾರಿ ಗೇಮಿಂಗ್ ಫೋನ್ ಅಂತೂ ಬ್ಯಾಡೇ ಬ್ಯಾಡ. ಮಾಜಿ ವಿಶ್ವ ಚಾಂಪಿಯನ್ ಕಾರ್ಲ್‌ಸನ್ನನ ಅತಿ ಹೆಚ್ಚಿನ ರೇಟಿಂಗ್, ಅಂದ್ರ ಆಟದ ಬಲ ತೋರ್ಸೋ ಅಂಕ, 2882, ಪುಕ್ಕಟೆ ಸಿಗೋ ಚೆಸ್ ಪ್ರೋಗ್ರಾಮ್ ಸ್ಟಾಕ್‌ಫಿಶ್ ಸಾದಾ ಫೋನಿನ್ಯಾಗ ಓಡಿದ್ರೂ ಅವನನ್ನ ಸೋಲಸತೈತಿ, ಮತ್ತ ನಮಗ ಇನ್ನೆಷ್ಟು ಜೋರು ಬೇಕು? ಆದ್ರ ಆಡಿದ ಆಟದ ತಪ್ಪು ಹುಡುಕೋ ಅನಾಲಿಸಿಸ್ ಹಚ್ಚಿಟ್ರ ಫೋನ್ ಕಾಯತೈತಿ, ಬ್ಯಾಟರಿ ಜಲ್ದಿ ಇಳೀತೈತಿ, ವಿಜಯಪುರದ ಏಪ್ರಿಲ್ ಬಿಸಲಾಗ ಇನ್ನೂ ಹೆಚ್ಚು, ಅದಕ್ಕ ಆಟ ಮುಗದ ಮ್ಯಾಲ ಅಷ್ಟ ಹಚ್ರಿ. ಹಗಲೊತ್ತು ಹೊರಗ ಆಡೋರು ಬ್ರೈಟ್‌ನೆಸ್ಸಿಗೆ ರೊಕ್ಕ ಹಾಕ್ರಿ.

ಇಂಟರ್ನೆಟ್ ಇಲ್ದ ಆಡಾಕ ಬರ್ಬೇಕು, ಇದು ಮರೀಬ್ಯಾಡ್ರಿ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನ್ಯಾಗ ಖಾನಾಪುರ ದಾಟಿ ಲೋಂಡಾ ಕಡೆ ಅಡವಿ ಬಂದು ಸಿಗ್ನಲ್ ಹೋತಂದ್ರ ಆಟ ನಿಲ್ಲೂದಿಲ್ಲ, ನಿಮ್ಮ ಗಡಿಯಾರ ಓಡತಾನ ಇರತೈತಿ. ಲಿಚೆಸ್ ಆ್ಯಪಿನ್ಯಾಗ ಆಫ್‌ಲೈನ್ ಕಂಪ್ಯೂಟರ್ ಜೋಡಿ ಆಡಬಹುದು, ಜಾಹೀರಾತೂ ಇಲ್ಲ, ರೊಕ್ಕಾನೂ ಇಲ್ಲ.

ಇನ್ನ ಸೆಲ್ ಹಾಕಿ ಆಡೋ ಚೆಸ್ ಮಷೀನು. ಸಣ್ಣ ಮಕ್ಕಳ ಕೈಗೆ ಫೋನ್ ಕೊಡಾಕ ಮನಸಿಲ್ಲ ಅನ್ನೋರಿಗೆ ಇದು ಖರೇನ ಛಲೋ, ರೀಲ್ಸ್ ಇಲ್ಲ, ಮೆಸೇಜ್ ಇಲ್ಲ. ಆದ್ರ ಸೋವಿ ಎಲ್‌ಸಿಡಿಗಳಾಗ ಹಿಂದ ಲೈಟ್ ಇರೂದಿಲ್ಲ, ಒಂದು ಕಡೆ ಓರೆ ಹಿಡದ್ರ ಕುದುರಿ ಯಾವುದು ಒಂಟಿ ಯಾವುದು ಗೊತ್ತಾಗೂದಿಲ್ಲ. ತಗೊಳ್ಳೂಮುಂದ ಕೇಳ್ರಿ: ಹೊಸಬರು ಗೆಲ್ಲೋವಂಥ ಕೆಳಗಿನ ಲೆವೆಲ್ ಅದಾವೇನು, ಬಂದ್ ಮಾಡಿದ್ರ ಆಟ ನೆನಪಿಟ್ಕೊಂತೈತೇನು.

ಟೂರ್ನಮೆಂಟಿಗೆ ಮಾತ್ರ ಯಾವುದನ್ನೂ ಕಿಸೆದಾಗ ಇಟ್ಕೊಂಡು ಕುಂದರಬ್ಯಾಡ್ರಿ, ಜಾಗತಿಕ ಚೆಸ್ ಸಂಸ್ಥೆ ಫಿಡೆ ನಿಯಮದಾಗ ಆಟಗಾರರ ಹತ್ರ ಫೋನ್ ಸಿಕ್ರ ಸಾಮಾನ್ಯವಾಗಿ ಆ ಆಟ ಸೋತಂಗ.

ಸೆಕೆಂಡ್ ಹ್ಯಾಂಡ್ ಟ್ಯಾಬ್ ತಗೊಳ್ಳೋರು ರೊಕ್ಕ ಕೊಡೂಕಿಂತ ಮೊದ್ಲ ಅಂಗಡ್ಯಾಗ ನಿಂತ ಆ್ಯಪ್ ಇಳಿಸಿ ನೋಡ್ರಿ, ಹಳೇ ಆಂಡ್ರಾಯ್ಡಿಗೆ ಕೆಲವು ಸಲ ಇಳಿಯೂದಿಲ್ಲ. ಇಳೀತಂದ್ರ ಬೋರ್ಡ್ ತಗದು ನಾಕೂ ಮೂಲಿ ಮುಟ್ರಿ, ಹಳೇ ಟಚ್ ಹೆಚ್ಚಾಗಿ ಅಂಚಿನ್ಯಾಗ ಸತ್ತಿರತೈತಿ.